ಉಣ್ಣೆ ತೊಟ್ಟಿಯ ತಾವರೆ

ನಮ್ಮ ಮನೆಯಲ್ಲಿ ಅವ್ವಂದಿರು ಇಬ್ಬರು, ಒಲೆ ಒಂದೇ. ಹೊಳಲ್ಕೆರೆ ಸೀಮೆಯ ಬಿ.ದುರ್ಗದಲ್ಲಿ ಆ ಕಾಲಕ್ಕೆ ಅದು ಯಾರೂ ತಿರುಗಿ ನೋಡುವಂಥ ಸಂಗತಿಯಾಗಿರಲಿಲ್ಲ. ಅಪ್ಪನ ಮೊದಲ ಹೆಂಡತಿ ಲಕ್ಕಮ್ಮ, ಹಿರಿಯೂರು ಕಡೆಯವಳು. ನಾವು ಅವಳನ್ನು ದೊಡ್ಡವ್ವ ಅನ್ನುತ್ತಿದ್ದೆವು. ಬಹಳ ವರ್ಷ ಮಕ್ಕಳಾಗಲಿಲ್ಲವೆಂದು ಅಪ್ಪ ಎರಡನೆಯದಾಗಿ ಕಟ್ಟಿಕೊಂಡದ್ದು ನನ್ನನ್ನು ಹೆತ್ತ ಸಿದ್ದಮ್ಮನನ್ನು. ಅವಳು ಬರೀ ಅವ್ವ. ಎರಡನೇ ಮದುವೆಯ ಮಾತು ಎದ್ದಾಗ ಹಿರಿಯರು ದೊಡ್ಡವ್ವನನ್ನು ನಡುಮನೆಯಲ್ಲಿ ಕೂರಿಸಿ, ನಿನಗೇನು ಬೇಕು ಕೇಳಮ್ಮ ಅಂದರಂತೆ. ಹೊಲ ಕೇಳಬಹುದಿತ್ತು, ಕುರಿ ಕೇಳಬಹುದಿತ್ತು, ಬೆಳ್ಳಿ ಕಡಗ ಕೇಳಬಹುದಿತ್ತು. ಅವಳು ಕೇಳಿದ್ದು ಇಷ್ಟು:

“ಹಿತ್ತಲಾಗಿನ ಉಣ್ಣೆ ತೊಟ್ಟಿ ನಂಗೆ ಬಿಡ್ರಿ. ಅದ್ರಾಗೆ ಬೇರೆ ಯಾರೂ ಕೈ ಆಡಿಸಬಾರ್ದು.”

ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಆಗಲಿ ಅಂದರಂತೆ. ಇದನ್ನು ನನಗೆ ಹೇಳಿದವಳು ಅಜ್ಜಿ, ಅಪ್ಪನ ತಾಯಿ. ದೊಡ್ಡವ್ವನಿಗೆ ಲೋಕದ ತಿಳುವಳಿಕೆ ಸಾಲದು ಎನ್ನುವುದಕ್ಕೆ ಸಾಕ್ಷಿಯಾಗಿ ಇದನ್ನು ಆಗಾಗ ಹೇಳುತ್ತಿದ್ದಳು.

ತೊಟ್ಟಿ ಮನೆಯಷ್ಟೇ ಹಳೆಯದು. ನಮ್ಮ ಹಿರಿಯರು ಕಂಬಳಿ ನೇಯುತ್ತಿದ್ದ ಕಾಲದಲ್ಲಿ ಕತ್ತರಿಸಿದ ಉಣ್ಣೆಯನ್ನು ನೆನೆಸಿ ತೊಳೆಯಲು ಕಟ್ಟಿಸಿದ್ದು. ನೆಲದೊಳಕ್ಕೆ ಇಳಿದ, ಸುತ್ತ ಕಲ್ಲು ಚಪ್ಪಡಿ ಹಾಸಿದ, ದೊಡ್ಡವರ ಸೊಂಟದಷ್ಟು ಆಳದ ತೊಟ್ಟಿ. ಕಟ್ಟೆ ನೆಲದಿಂದ ಒಂದು ಗೇಣು ಮಾತ್ರ ಮೇಲಿತ್ತು. ಅಪ್ಪನ ಕಾಲಕ್ಕೆ ಮನೆಯಲ್ಲಿ ಮಗ್ಗ ನಿಂತುಹೋಗಿತ್ತು. ಅಪ್ಪ ಕುರಿ ಸಾಕುತ್ತಿದ್ದ, ಉಣ್ಣೆ ಮಾರುತ್ತಿದ್ದ, ತೊಟ್ಟಿಯಲ್ಲಿ ಕಸ ಬೀಳುತ್ತಿತ್ತು. ಮನೆ ಮಣ್ಣಿನ ಮಾಳಿಗೆಯದು. ಮುಂದೆ ಪಡಸಾಲೆ, ನಡುಮನೆ, ಅಡುಗೆಮನೆ, ಹಿತ್ತಲ ಬಾಗಿಲ ಪಕ್ಕದಲ್ಲಿ ಹಿಂದೆ ಉಣ್ಣೆ ತುಂಬುತ್ತಿದ್ದ ಒಂದು ಸಣ್ಣ ಕೋಣೆ. ಅವ್ವ ಮದುವೆಯಾಗಿ ಬಂದ ದಿನ ದೊಡ್ಡವ್ವ ತನ್ನ ಚಾಪೆ ಸುತ್ತಿಕೊಂಡು ಆ ಕೋಣೆಗೆ ಹೋದವಳು ಮತ್ತೆ ನಡುಮನೆಯಲ್ಲಿ ಮಲಗಲಿಲ್ಲ. ನನಗೆ ತಮ್ಮ ಹುಟ್ಟಿದ ಮೇಲೆ ನನ್ನ ಹಾಸಿಗೆಯೂ ಆ ಕೋಣೆಗೆ ಬಂತು. ಗೋಡೆಗೆ ಉಣ್ಣೆಯ ಜಿಡ್ಡು ವಾಸನೆ ಹಿಡಿದಿತ್ತು. ಬಾಗಿಲು ತೆರೆದರೆ ತೊಟ್ಟಿ, ಅದರಾಚೆ ರಾಟೆ ಬಾವಿ, ಬಾವಿಯಾಚೆ ಕುರಿ ರೊಪ್ಪ.

ದೊಡ್ಡವ್ವನ ತವರಿನಲ್ಲಿ ಕಾಲುವೆ ಇತ್ತು, ಕಾಲುವೆಯ ಪಕ್ಕ ನೀರು ನಿಲ್ಲುವ ಕುಂಟೆಯಲ್ಲಿ ತಾವರೆ ಇತ್ತು. ಅಲ್ಲಿಂದ ಒದ್ದೆ ಗೋಣಿಯಲ್ಲಿ ಸುತ್ತಿ ತಂದ ಗೆಡ್ಡೆಯನ್ನು ಅವಳು ಈ ತೊಟ್ಟಿಯಲ್ಲಿ ನೆಟ್ಟಿದ್ದಳು. ಶಿವರಾತ್ರಿ ಕಳೆದು ಬಿಸಿಲೇರುವ ಹೊತ್ತಿಗೆ, ಒಂದು ವರ್ಷ ಬಿಟ್ಟು ಒಂದು ವರ್ಷ, ನೀರೆಲ್ಲ ಮೊಗೆದು ಚೆಲ್ಲಿ ಗೆಡ್ಡೆಗಳನ್ನು ಎಬ್ಬಿಸುವಳು. ಬಾಳೆಹಣ್ಣಿನಂತೆ ಗೆಣ್ಣುಗೆಣ್ಣಾಗಿ ಕೂಡಿಕೊಂಡ ಗೆಡ್ಡೆಗಳಲ್ಲಿ ಗಟ್ಟಿಯಾದವನ್ನು ಇಟ್ಟುಕೊಂಡು, ಉಳಿದವನ್ನು ಹೆಚ್ಚಿ ಪಲ್ಯ ಮಾಡುವಳು. ತಳಕ್ಕೆ ಒಂದು ವರ್ಷ ಕೊಳೆತ ಕುರಿ ಹಿಕ್ಕೆ, ಅದರ ಮೇಲೆ ಕೆರೆಯ ತಳದ ಗೋಡುಮಣ್ಣು, ಗೆಡ್ಡೆಯನ್ನು ಅಡ್ಡಲಾಗಿ ಮಲಗಿಸಿ ಮೊಳಕೆಯ ತುದಿ ಮಾತ್ರ ಮಣ್ಣಿನಿಂದ ಮೇಲೆ. ಆ ತುದಿ ಮುರಿದರೆ ಗೆಡ್ಡೆ ಸತ್ತಂತೆ. ಕೊನೆಗೆ ಮಣ್ಣು ಕದಡದಿರಲಿ ಅಂತ ಹಳ್ಳದ ಮರಳು. ನೀರನ್ನು ಒಮ್ಮೆಲೇ ತುಂಬಿಸುತ್ತಿರಲಿಲ್ಲ. ಮೊದಲು ಅಂಗೈ ಮುಳುಗುವಷ್ಟು. ಎಲೆ ಮೇಲೆ ಬಂದು ತೇಲಿದ ಹಾಗೆಲ್ಲ ಇನ್ನಷ್ಟು. ತೇಲುವ ಎಲೆಗಳು ಮುಗಿದು, ನೀರು ಬಿಟ್ಟು ಮೇಲೆದ್ದು ನಿಲ್ಲುವ ಎಲೆ ಬಂದ ಮೇಲೆ ಮೊಗ್ಗಿಗೆ ಕಾಯುವುದು. ಸೊಳ್ಳೆಯ ಮರಿ ತಿನ್ನಲಿ ಅಂತ ಕೆರೆಯಿಂದ ಸಣ್ಣ ಮೀನು ಹಿಡಿದು ತಂದು ಬಿಡುತ್ತಿದ್ದಳು. ಕಾಂಡಕ್ಕೆ ಹೇನು ಹತ್ತಿದರೆ ನೀರೆರಚಿ ತೊಳೆಯುತ್ತಿದ್ದಳು. ಹೀಗೆಲ್ಲ ಮಾಡುವಾಗ ಅವಳು ತೆಲುಗಿನಲ್ಲಿ ಮಾತಾಡುತ್ತಿದ್ದಳು. ಹಿರಿಯೂರು ಕಡೆ ಅದು ಸಾಮಾನ್ಯ. ನಮ್ಮ ಮನೆಯಲ್ಲಿ ಅವಳ ತೆಲುಗು ಕೇಳಿದ್ದು ತಾವರೆ ಮತ್ತು ನಾನು.

ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಮುಚ್ಚುತ್ತಿತ್ತು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಶಾಲೆಯ ಮೇಷ್ಟರು ಬಾವುಟ ಏರಿಸುವ ದಿನ ಪಟಕ್ಕೆ ಇಡಲು ನಮ್ಮ ಮನೆಯಿಂದ ಹೂವು ತರಿಸುತ್ತಿದ್ದರು. ನಾನು ಊರಲ್ಲಿ ತಾವರೆ ಮನೆ ಹುಡುಗಿಯಾದೆ. ಅವ್ವನಿಗೆ ಈ ಹೆಸರು ಹಿಡಿಸಲಿಲ್ಲ. ಅವಳಿಗೆ ತೊಟ್ಟಿಯ ವಿಷಯದಲ್ಲಿ ಒಪ್ಪಿಗೆಯಾಗುತ್ತಿದ್ದದ್ದು ಎಲೆ ಒಂದೇ. ಹಬ್ಬದಲ್ಲಿ ನೆಂಟರು ಬಂದರೆ ತಾವರೆ ಎಲೆಯಲ್ಲೇ ಊಟ. ಎಲೆಯ ಮೇಲ್ಭಾಗದಲ್ಲಿ ಸಾರು ನಿಲ್ಲದೆ ಉರುಳುತ್ತದೆಂದು ಮಗುಚಿ ಹಾಕಿ ಅದರ ಬೆನ್ನಿನ ಮೇಲೆ ಮುದ್ದೆ, ಹುರುಳಿ ಸಾರು ಬಡಿಸುತ್ತಿದ್ದರು. ಎಲೆ ಕೊಯ್ಯುವವಳು ದೊಡ್ಡವ್ವ, ಬಡಿಸುವವಳು ಅವ್ವ. ಉಳಿದಂತೆ ಬೇಸಿಗೆ ಬಂದರೆ ನೀರಿನ ಜಗಳ.

“ಮರಿಗಳಿಗೆ ಕುಡಿಯಾಕೆ ನೀರಿಲ್ಲ, ಹೂವಿಗೆ ಜಳಕ ಮಾಡಿಸ್ತಾರೆ,” ಎಂದು ಅವ್ವ ಒಲೆಗೆ ಹೇಳುವಳು.

“ಮರಿಗಳ ನೀರು ಆಗಲೇ ಸೇದಿ ಹಾಕೀನಿ. ಇದು ಅದ್ರ ಮೇಲಿಂದು,” ಎಂದು ದೊಡ್ಡವ್ವ ಬಾವಿಗೆ ಹೇಳುವಳು.

ಇಬ್ಬರೂ ಒಬ್ಬರಿಗೊಬ್ಬರು ನೇರವಾಗಿ ಹೇಳಿಕೊಂಡದ್ದು ಕಡಿಮೆ. ಅದರಿಂದ ಮನೆಯೇನೂ ನಿಂತಿರಲಿಲ್ಲ. ಹಿಟ್ಟು ಬೀಸುವಾಗ ಕಲ್ಲಿನ ಗೂಟವನ್ನು ಇಬ್ಬರೂ ಎದುರುಬದುರು ಕೂತು ಹಿಡಿಯುತ್ತಿದ್ದರು. ಕೈಗಳ ಲಯ ತಪ್ಪುತ್ತಿರಲಿಲ್ಲ.

ತಮ್ಮ ಬೀರ ನಡೆಯಲು ಕಲಿತ ವರ್ಷದ ಶ್ರಾವಣದಲ್ಲಿ ಆದದ್ದು ಇದು. ಅಪ್ಪ ಕುರಿಗಳ ಹಿಂದೆ ಹೋಗಿದ್ದ, ಅವ್ವ ಹೊಲಕ್ಕೆ ಕಳೆ ತೆಗೆಯಲು ಹೋಗಿದ್ದಳು. ಅಜ್ಜಿ ಪಡಸಾಲೆಯಲ್ಲಿ ಬೀರನನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿದ್ದಳು. ನಾನು ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದೆ. ಮನೆಯ ಪಕ್ಕ ಕುರಿ ಹೊಡೆದುಕೊಂಡು ಹೋಗುವ ಓಣಿಯಿಂದ ಬೀರ ಹಿತ್ತಲಿಗೆ ಬಂದದ್ದನ್ನು ನಾನು ನೋಡಲಿಲ್ಲ. ಬಾವಿಯಲ್ಲಿ ನೀರು ಸೇದುತ್ತಿದ್ದ ದೊಡ್ಡವ್ವ ಹಗ್ಗ ಕೈಬಿಟ್ಟದ್ದನ್ನು ನೋಡಿದೆ. ರಾಟೆ ಗರಗರ ತಿರುಗಿ ಕೊಡ ಬಾವಿಗೆ ಬಿತ್ತು. ಅವಳು ಓಡಿ ತೊಟ್ಟಿಗೆ ಧುಮುಕಿದಳು. ಎಲೆಗಳು ತುಂಬಿದ್ದ ಕಾಲ, ನೀರು ಎಲ್ಲೂ ಕಾಣುತ್ತಿರಲಿಲ್ಲ. ಮಗು ಬಿದ್ದ ಜಾಗದಲ್ಲಿ ಎಲೆಗಳು ಸರಿದು ಮತ್ತೆ ಕೂಡಿಕೊಂಡಿದ್ದವು. ಅವಳು ಬಗ್ಗಿ, ಗಲ್ಲ ನೀರಿಗೆ ತಾಗಿಸಿ, ಎರಡೂ ಕೈಯಲ್ಲಿ ಕಾಂಡಗಳ ನಡುವೆ ತಡಕಿದಳು. ತಾವರೆಯ ಕಾಂಡಕ್ಕೆ ಸಣ್ಣ ಮುಳ್ಳುಗಳಿರುತ್ತವೆ. ಬೀರನನ್ನು ಎತ್ತಿದಾಗ ಅವನು ಉಸಿರಾಡುತ್ತಿರಲಿಲ್ಲ. ಕಟ್ಟೆ ಹತ್ತಿ, ಕಾಲು ಹಿಡಿದು ತಲೆಕೆಳಗೆ ಮಾಡಿ ಬೆನ್ನಿಗೆ ಬಡಿದಳು. ಬಾಯಿಂದ ನೀರು ಬಂತು, ಆಮೇಲೆ ಅಳು ಬಂತು.

ಆ ಅಳುವಿಗೆ ಎಚ್ಚೆತ್ತು ಬಂದ ಅಜ್ಜಿಗೆ ಕಂಡದ್ದು, ಮೊಮ್ಮಗನನ್ನು ಕಾಲು ಹಿಡಿದು ನೇತುಹಾಕಿ ಹೊಡೆಯುತ್ತಿರುವ ಸೊಸೆ. ತಾನು ಮಲಗಿದ್ದಾಗ ಮಗು ಎದ್ದು ಹೋಯಿತು ಎನ್ನುವುದಕ್ಕಿಂತ ಇದನ್ನು ನಂಬುವುದು ಅವಳಿಗೆ ಸುಲಭವಾಯಿತು. ಅಪ್ಪ ಬಂದಾಗ ಹೇಳಿದಳು:

“ಹೆತ್ತ ಹೊಟ್ಟೆ ಆಗಿದ್ರೆ ಕೂಸು ತೊಟ್ಟಿ ತನಕ ಹೋಗಾಕೆ ಬಿಡ್ತಿತ್ತೇನಪ್ಪ?”

ನಾನು ನೋಡಿದ್ದನ್ನು ಹೇಳಿದೆ. ಹಗ್ಗ ಬಿಟ್ಟದ್ದು, ಧುಮುಕಿದ್ದು, ತಡಕಿದ್ದು, ಎಲ್ಲ.

“ನೀನು ಸುಮ್ಕಿರು. ನೀನು ಅವಳ ಮಗ್ಗಲಾಗೆ ಮಲಗೋಳು,” ಅಂದಳು ಅಜ್ಜಿ.

ಕಂಡದ್ದನ್ನು ಹೇಳಿದರೂ, ಹೇಳಿದವರು ಎಲ್ಲಿ ಮಲಗುತ್ತಾರೆ ಎಂದು ನೋಡಿ ಮಾತಿಗೆ ಬೆಲೆ ಕಟ್ಟುತ್ತಾರೆ. ಇದು ನನಗೆ ಆವತ್ತು ತಿಳಿಯಿತು. ಮುಂದೆ ಶಾಲೆಯಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದ ಮೇಲೆ, ಮಕ್ಕಳು ದೂರು ತಂದಾಗ ಮಾತನ್ನು ಕೊನೆಯವರೆಗೆ ಕೇಳುವ ಅಭ್ಯಾಸ ನನಗೆ ಬಂದದ್ದು ಇಲ್ಲಿಂದಲೇ ಇರಬೇಕು.

ಅವ್ವ ಆಗಲೇ ಹೊಲದಿಂದ ಬಂದಿದ್ದಳು. ಬೀರನಿಗೆ ಕಂಬಳಿ ಸುತ್ತಿ, ಮೊಲೆ ಕೊಡುತ್ತ ಒಲೆಯ ಪಕ್ಕ ಕೂತಿದ್ದಳು. ಅಪ್ಪ ಕೆಟ್ಟವನಲ್ಲ, ತೀರ್ಪು ಹೇಳುವುದೆಂದರೆ ಅವನಿಗೆ ಬೇಸರ. ಆದ್ದರಿಂದ ತೊಟ್ಟಿಯ ಮೇಲೆ ತೀರ್ಪು ಹೇಳಿದ.

“ಆ ತೊಟ್ಟಿ ಮುಚ್ಚಿಸಿಬಿಡಾಣ. ಮಣ್ಣು ಹೊಡೆಸ್ತೀನಿ.”

ದೊಡ್ಡವ್ವ ಅಪ್ಪನ ಕಡೆಗೂ ನೋಡಲಿಲ್ಲ, ಅಜ್ಜಿಯ ಕಡೆಗೂ ನೋಡಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಸೀರೆಯಲ್ಲಿ ನಿಂತು ಅವ್ವನನ್ನೇ ನೋಡುತ್ತಿದ್ದಳು. ಅವ್ವ ತಲೆ ಎತ್ತಲಿಲ್ಲ. ಬೆಳಿಗ್ಗೆ ದೊಡ್ಡವ್ವ ಕುರಿಮರಿಗಳಿಗೆ ನೀರು ಹಾಕಿ, ಎರಡು ಸೀರೆ ಒಂದು ಕಂಬಳಿ ಗಂಟು ಕಟ್ಟಿಕೊಂಡು ತವರಿಗೆ ಹೋದಳು. ನನ್ನ ತಲೆ ಬಾಚಿ ಹೋದಳು. ಯಾವಾಗ ಬರ್ತೀಯ ಅಂದದ್ದಕ್ಕೆ ಜಡೆಯನ್ನು ಇನ್ನಷ್ಟು ಬಿಗಿಯಾಗಿ ಹೆಣೆದಳು.

ಮಣ್ಣು ಹೊಡೆಸುವುದು ಮಳೆಗಾಲದಲ್ಲಿ ಆಗಲಿಲ್ಲ. ಆಮೇಲೆ ಕೊಯ್ಲು ಬಂತು. ಈ ನಡುವೆ ಅವ್ವ ತೊಟ್ಟಿಯ ಕೆಲಸಕ್ಕೆ ಕೈ ಹಾಕಿದಳು. ಯಾರೂ ಹೇಳಿರಲಿಲ್ಲ, ಅವಳೂ ಯಾಕೆಂದು ಹೇಳಲಿಲ್ಲ. ಹಣ್ಣಾದ ಎಲೆಗಳನ್ನು ಕುಡುಗೋಲಿನಿಂದ ಬುಡಕ್ಕೇ, ನೀರಿನೊಳಗೆ ಕೈ ಹಾಕಿ ಕೊಯ್ದಳು. ದೊಡ್ಡವ್ವ ಯಾವಾಗಲೂ ನೀರಿನ ಮೇಲೆ ನಾಲ್ಕು ಬೆರಳು ಬಿಟ್ಟು ಕೊಯ್ಯುತ್ತಿದ್ದಳು. ಕಾಂಡ ಒಳಗೆ ಕೊಳವೆ. ಕೊಯ್ದ ಬಾಯಿ ನೀರಲ್ಲಿದ್ದರೆ ನೀರು ಗೆಡ್ಡೆಗೆ ಇಳಿದು ಕೊಳೆಸುತ್ತದೆ. ನಾನು ಹೇಳಿದೆ. ಅವ್ವ, ಹೌದಾ ಅಂದಳು, ಅಷ್ಟು ಹೊತ್ತಿಗೆ ಕೊಯ್ದು ಆಗಿತ್ತು. ಎಲೆ ಕಪ್ಪಾಗತೊಡಗಿದಾಗ ಹಸಿವಾಗಿದೆಯೆಂದು ತಿಳಿದು ಬುಟ್ಟಿ ತುಂಬ ಹಸಿ ಹಿಕ್ಕೆ ತಂದು ಸುರಿದಳು. ನೀರು ಹಸಿರಾಗಿ ನೊರೆಯೆದ್ದು ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ದೀಪಾವಳಿ ಹೊತ್ತಿಗೆ ಹಿತ್ತಲ ಬಾಗಿಲು ತೆರೆಯುವಂತಿರಲಿಲ್ಲ, ಅಷ್ಟು ನಾತ.

ಸಂಕ್ರಾಂತಿ ಕಳೆದ ಮೇಲೆ ಅಪ್ಪ ಗಾಡಿಯಲ್ಲಿ ಮಣ್ಣು ತರಿಸುವ ಮಾತೆತ್ತಿದ. ಉಣ್ಣುತ್ತಿದ್ದ. ಅವ್ವ ಬಡಿಸುತ್ತಿದ್ದವಳು ಸಾರಿನ ಸೌಟು ಪಾತ್ರೆಗೆ ಹಾಕಿ ಕೂತಳು.

“ಮುಚ್ಚಬ್ಯಾಡ್ರಿ.”

“ಕೂಸು ಬಿದ್ದಿದ್ದು ನಿಂದೇ ಅಲ್ಲೇನೆ?” ಅಂದ ಅಪ್ಪ.

“ನಂದೇ. ಎತ್ತಿದ್ದು ಅಕ್ಕ. ಮಾತು ಕೊಟ್ಟು ಬಿಟ್ಟ ತೊಟ್ಟಿ ಅದು. ಇವತ್ತು ಅವಳ ತೊಟ್ಟಿ ಮುಚ್ಚಿದೋರು ನಾಳೆ ನನ್ನ ಒಲೆ ಮುಚ್ಚಲ್ಲ ಅನ್ನಾಕೆ ಏನೈತೆ? ಕಟ್ಟೆ ಎತ್ತರಿಸ್ರಿ. ನಾನು ಹೋಗಿ ಕರ್ಕಂಡು ಬರ್ತೀನಿ.”

ಅಪ್ಪ ಮುದ್ದೆ ಮುರಿಯುತ್ತಿದ್ದವನು ನಿಲ್ಲಿಸಿದ. ಪಡಸಾಲೆಯಿಂದ ಅಜ್ಜಿ, ಏನಂತಾಳೆ ಅವಳು, ಎಂದು ಕೇಳಿದಳು. ಅಪ್ಪ ಮತ್ತೆ ಮುದ್ದೆ ಮುರಿದ. ಬೇಡ ಎಂದೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಅದು ಒಪ್ಪಿಗೆ.

ಅವ್ವ, ಬೀರ, ನಾನು ಎತ್ತಿನ ಗಾಡಿಯಲ್ಲಿ ಚಿಕ್ಕಜಾಜೂರಿಗೆ ಹೋಗಿ ರೈಲು ಹತ್ತಿದೆವು. ಚಿತ್ರದುರ್ಗದಲ್ಲಿ ಇಳಿದು ಹಿರಿಯೂರಿನ ಬಸ್ಸು. ಅವ್ವ ರೈಲು ಹತ್ತಿದ್ದು ಅದೇ ಮೊದಲು. ಕಿಟಕಿಯ ಸರಳನ್ನು ದಾರಿಯುದ್ದಕ್ಕೂ ಬಿಡಲಿಲ್ಲ. ದೊಡ್ಡವ್ವ ಇದ್ದದ್ದು ಅವಳ ಅಣ್ಣನ ಮನೆಯಲ್ಲಿ. ನಾವು ಹೋದಾಗ ಕುಂಟೆಯ ಏರಿಯ ಮೇಲೆ ಬಟ್ಟೆ ಒಗೆಯುತ್ತಿದ್ದಳು. ನಮ್ಮನ್ನು ನೋಡಿ ಒಗೆಯುತ್ತಿದ್ದ ಬಟ್ಟೆ ಹಿಂಡಿ ಮುಗಿಸಿದಳು. ಆಮೇಲೆ ಬೀರನ ಕಡೆ ಕೈ ಚಾಚಿದಳು. ಅವನು ಹೋದ.

“ಕುಂತ್ಕ ಸಿದ್ದಿ. ಯಾರು ಕಳಿಸಿದ್ದು?”

“ಯಾರೂ ಕಳಿಸಲಿಲ್ಲ. ನಾನೇ ಬಂದೆ. ನಿನ್ನ ತಾವರೆ ಕೊಳೆಸಿಬಿಟ್ಟೆ ಅಕ್ಕ.”

ದೊಡ್ಡವ್ವ ಹೇಗೆ ಎಂದು ಕೇಳಿದಳು. ಅವ್ವ ಕುಡುಗೋಲು, ಹಸಿ ಹಿಕ್ಕೆ, ಮೀನು, ಎಲ್ಲ ಹೇಳಿದಳು. ದೊಡ್ಡವ್ವ ಕಾಯಿಲೆಯ ವಿವರ ಕೇಳುವವರಂತೆ ಗಮನ ಇಟ್ಟು ಕೇಳಿದಳು. ಆಮೇಲೆ ಅಂದಳು:

“ತಾವರೆ ಹೋಗ್ಲಿ, ಮತ್ತೆ ನೆಡಬೌದು. ಆವತ್ತು ಸಂಜೆ ನೀನು ನನ್ನ ಒಂದು ಮಾತು ಕೇಳಲಿಲ್ಲ. ಕೂಸು ತೊಟ್ಟಿಗೆ ಬಿದ್ದಾಗ ಎಲ್ಲಿದ್ದೆ ಅಂತಾನಾದ್ರೂ ಕೇಳಬೌದಿತ್ತು.”

“ಕೇಳಾದು ಏನಿತ್ತು? ನಿನ್ನ ಎರಡೂ ಕೈ ಹೆಗಲ ತನಕ ಗೀರಿತ್ತು. ಮುಳ್ಳಾಗೆ ಹುಡುಕಿದೋಳ ಕೈ ಅದು. ನಂಗೆ ಗೊತ್ತಿತ್ತು.”

“ಗೊತ್ತಿದ್ದು ಸುಮ್ಕೆ ಕುಂತ್ಯಾ?”

“ಕುಂತೆ.”

“ಯಾಕೆ?”

ಅವ್ವ ನೀರಿನ ಕಡೆ ತಿರುಗಿದಳು. ಚಳಿಗಾಲ, ಕುಂಟೆಯಲ್ಲಿ ಒಣಗಿದ ಕಾಂಡಗಳು ಬಾಗಿ ನಿಂತಿದ್ದವು.

“ನೀನು ಹೋಗ್ತೀಯ ಅನ್ನಿಸ್ತು. ಹೋಗ್ಲಿ ಅನ್ನಿಸ್ತು. ಹೋದ್ಮೇಲೆ ಹಂಗೆ ಅನ್ನಿಸಲಿಲ್ಲ.”

ದೊಡ್ಡವ್ವ ನಗಲಿಲ್ಲ, ಅಳಲಿಲ್ಲ, ಅವ್ವನ ಕೈ ಹಿಡಿಯಲಿಲ್ಲ. ಇವರಿಬ್ಬರ ನಡುವೆ ಇದ್ದದ್ದನ್ನು ಪ್ರೀತಿ ಅನ್ನಲು ನನಗೆ ಈಗಲೂ ಹಿಂಜರಿಕೆ. ಬೀರನನ್ನು ನನ್ನ ಕೈಗೆ ಕೊಟ್ಟು, ಸೀರೆ ಎತ್ತಿ ಕಟ್ಟಿ, ಕುಂಟೆಗೆ ಇಳಿದಳು. ಕೆಸರಿನಲ್ಲಿ ಕಾಲಿನಿಂದಲೇ ತಡಕಿ, ಬಗ್ಗಿ, ಗೆಡ್ಡೆಯೊಂದನ್ನು ಮುರಿಯದಂತೆ ಎಬ್ಬಿಸಿ ಅವ್ವನ ಕಡೆ ಚಾಚಿದಳು.

“ತುದಿ ಮುಟ್ಟಬ್ಯಾಡ. ನಡುಮಧ್ಯೆ ಹಿಡಿ.”

ಅವ್ವ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ದೊಡ್ಡವ್ವ ಮನೆಗೆ ಬಂದ ದಿನ ಅಜ್ಜಿ ಮುಖ ಗೋಡೆಗೆ ಮಾಡಿ ಮಲಗಿದ್ದಳು. ದೊಡ್ಡವ್ವ ಅವಳ ಕಾಲಿಗೆ ಎಂದಿನಂತೆ ಹರಳೆಣ್ಣೆ ತಿಕ್ಕಿದಳು. ಅಜ್ಜಿ ಕಾಲು ಎಳೆದುಕೊಳ್ಳಲಿಲ್ಲ. ಸಾಯುವ ತನಕ ಆ ದಿನದ ವಿಷಯ ಎತ್ತಲಿಲ್ಲ. ಅಪ್ಪ ಕಲ್ಲು ತರಿಸಿ ತೊಟ್ಟಿಯ ಕಟ್ಟೆಯನ್ನು ನನ್ನ ಎದೆಯೆತ್ತರಕ್ಕೆ ಏರಿಸಿದ. ಅವ್ವ, ದೊಡ್ಡವ್ವ ಸೇರಿ ಕೊಳೆತ ಮಣ್ಣನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಚೆಲ್ಲಿದರು, ತೊಟ್ಟಿಗೆ ಸುಣ್ಣ ಹಚ್ಚಿ ತೊಳೆದು ಬಿಸಿಲಿಗೆ ಒಣಗಿಸಿದರು. ಅಲ್ಲಿಯ ತನಕ ಒದ್ದೆ ಗೋಣಿಯಲ್ಲಿಟ್ಟಿದ್ದ ಗೆಡ್ಡೆಯನ್ನು ಶಿವರಾತ್ರಿಯ ನಂತರ ಮಲಗಿಸಿದರು. ಮಲಗಿಸುವಾಗ ದೊಡ್ಡವ್ವ ತೆಲುಗಿನಲ್ಲಿ ಏನೋ ಅಂದಳು. ಏನಂದೆ ಎಂದು ಅವ್ವ ಕೇಳಿದಳು. ಅಷ್ಟು ವರ್ಷದಲ್ಲಿ ಅವ್ವ ಹಾಗೆ ಕೇಳಿದ್ದು ನನಗೆ ನೆನಪಿಲ್ಲ. ನೀರು ತಣ್ಣಗೈತೆ, ಹೆದರಬ್ಯಾಡ ಅಂದೆ, ಎಂದಳು ದೊಡ್ಡವ್ವ. ಯುಗಾದಿಗೆ ಮೊದಲ ಎಲೆ ನಾಣ್ಯದಗಲ ಬಂದು ತೇಲಿತು.

ಆ ಬೇಸಿಗೆಯಲ್ಲೇ ದೊಡ್ಡವ್ವ ಇನ್ನೊಂದು ಪಟ್ಟು ಹಿಡಿದಳು. ಕಟ್ಟೆ ಎತ್ತರಿಸಿದರೆ ಸಾಲದು, ಮನೆಯ ಮಕ್ಕಳಿಗೆ ಈಜು ಬರಬೇಕು. ಕಾಲುವೆ ಕಡೆಯ ಹೆಣ್ಣಾದ್ದರಿಂದ ಅವಳು ಮೀನಿನಂತೆ ಈಜುತ್ತಿದ್ದಳಂತೆ. ನಮ್ಮೂರಿಗೆ ಬಂದ ಮೇಲೆ ಈಜಿರಲಿಲ್ಲ. ಹೊಲದಲ್ಲಿ ಮೆಟ್ಟಿಲು ಬಾವಿ ಇತ್ತು. ಮಧ್ಯಾಹ್ನ ಗಂಡಸರು ಯಾರೂ ಆ ಕಡೆ ಬಾರದ ಹೊತ್ತಿನಲ್ಲಿ ನಮ್ಮನ್ನು ಕರೆದುಕೊಂಡು ಹೋಗಿ, ನನ್ನ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ ನೀರಿಗೆ ಬಿಟ್ಟಳು. ನೀರು ಕುಡಿದೆ, ಕಿರುಚಿದೆ, ಕೆಲವು ದಿನಕ್ಕೆ ಕೈಕಾಲು ಆಡಿತು. ಅವ್ವ ಬೀರನ ಕಾಲನ್ನು ನೀರಿಗೆ ಇಳಿಬಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ಒಂದು ದಿನ ನಾನು ಮೇಲೆ ಬಂದ ಕೂಡಲೇ ಬೀರನನ್ನು ನನ್ನ ತೊಡೆಗೆ ಹಾಕಿ, ಸೀರೆಯನ್ನು ಕಚ್ಚೆ ಹಾಕಿ ಬಿಗಿದಳು.

“ನಂಗೂ ಕಟ್ಟು ಅಕ್ಕ.”

“ಹೆದ್ರಿಕೆ ಆಗಲ್ವೇನೆ?”

“ಆಗ್ತೈತೆ. ಕಟ್ಟು.”

ದೊಡ್ಡವ್ವ ಬುರುಡೆ ಕಟ್ಟಿ, ಅವಳ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟಳು. ಅವ್ವ ಮೆಟ್ಟಿಲ ಕಲ್ಲನ್ನು ಎರಡೂ ಕೈಯಲ್ಲಿ ಅವಚಿಕೊಂಡಿದ್ದಳು.

“ಕಲ್ಲು ಬಿಡು ಸಿದ್ದಿ.”

“ನೀನು ಬಿಡಬ್ಯಾಡ.”

“ನಾನು ಬಿಡಲ್ಲ. ನೀನು ಕಲ್ಲು ಬಿಡು.”

ಅವ್ವ ಒಂದು ಕೈ ಬಿಟ್ಟಳು. ಆಮೇಲೆ ಇನ್ನೊಂದು. ಮೈ ಸ್ವಲ್ಪ ಮುಳುಗಿ ಮೇಲೆ ಬಂತು. ಮೂಗಿನಿಂದ ನೀರು ಊದುತ್ತ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಅವಳು ಬಾವಿಯ ನಡುವಿಗೆ ಸರಿದಳು. ಅಷ್ಟರಲ್ಲಿ ಬಾವಿಯ ದಡದ ಮೇಲೆ ಅಪ್ಪ ಬಂದು ನಿಂತ. ಕುರಿಗಳನ್ನು ಯಾರಿಗೋ ಒಪ್ಪಿಸಿ ಊಟಕ್ಕೆ ಬೇಗ ಬಂದಿದ್ದ. ಮನೆಯಲ್ಲಿ ಅಜ್ಜಿ ಬಿಟ್ಟು ಯಾರೂ ಕಾಣದೆ ಹುಡುಕಿಕೊಂಡು ಬಂದಿದ್ದ. ಕೆಳಗೆ ಬಗ್ಗಿ ನೋಡಿದ. ಇಬ್ಬರು ಹೆಂಡಿರು ನೀರಿನಲ್ಲಿ.

“ಉಣ್ಣಾಕೆ ಇಕ್ಕೋರು ಯಾರೂ ಇಲ್ಲೇನು ಮನೇಲಿ?” ಅಂದ.

ಅವ್ವ ಕಣ್ಣು ತೆರೆಯಲಿಲ್ಲ. ತೇಲುತ್ತಲೇ ಹೇಳಿದಳು:

“ಮುದ್ದೆ ಮುಚ್ಚಿಟ್ಟೀನಿ. ಹಾಕ್ಕಂಡು ಉಣ್ರಿ.”

ಅಪ್ಪ ಇನ್ನೊಮ್ಮೆ ಬಗ್ಗಿ ನೋಡಿದ. ಆಮೇಲೆ ಹೆಗಲ ಕಂಬಳಿ ಸರಿಮಾಡಿಕೊಂಡು ಮನೆಯ ಕಡೆ ತಿರುಗಿದ.